ಎಡಗೈ ಇಲ್ಲದ ಕತ್ತಿ

ಈ ದಾರದ ತುಂಡುಗಳನ್ನು ಕೈಯಿಂದ ಕೈಗೆ ದಾಟಿಸುತ್ತಾ ಹೋಗಿ. ಬಗ್ಗಿಸಿ ನೋಡಿ. ಬೆರಳಿಗೆ ಸುತ್ತಿ ನೋಡಿ. ಎಲ್ಲಾದರೂ ಹರಿತ ಇದೆಯಾ? ಇಲ್ಲ, ಅಲ್ವಾ? ಗುಂಡಗೆ, ನುಣ್ಣಗೆ ಇರುವ ನೈಲಾನ್ ದಾರ. ದಪ್ಪ 2.4 ಮಿಲಿಮೀಟರ್. ಇದನ್ನು ಹಿಡಿದುಕೊಂಡು ತೋಟಕ್ಕೆ ಹೋಗಿ ನಾಲ್ಕು ಕಡ್ಡಿ ಹುಲ್ಲು ಕೊಯ್ದು ತನ್ನಿ ಅಂದರೆ ಯಾರಿಗೂ ಆಗುವುದಿಲ್ಲ. ಇದೇ ದಾರ ಮೆಷಿನ್ನಿನ ತಲೆಯಲ್ಲಿ ಕುಳಿತರೆ ಮೊಣಕಾಲೆತ್ತರದ ಹುಲ್ಲನ್ನು ಸವರಿ ಹಾಕುತ್ತದೆ.

ಮಳೆಗಾಲ ಬಂತೆಂದರೆ ಈ ಮೆಷಿನ್ನಿನ ಸದ್ದು ಕೇಳದ ಊರು ನಮ್ಮ ಮಲೆನಾಡಿನಲ್ಲಿ ಈಗ ಕಡಿಮೆ. ಕೆಲವರು ವೀಡ್ ಕಟರ್ ಅನ್ನುತ್ತಾರೆ, ಕೆಲವರು ಬ್ರಶ್ ಕಟರ್. ನಮ್ಮನೆಯಲ್ಲಿ ಅದು ಬರೀ ‘ಹುಲ್ಲು ಹೊಡೆಯೋ ಮೆಷಿನ್’. ನನ್ನ ಹತ್ತಿರ ರಿಪೇರಿಗೆ ತರುವವರು ಮೊದಲು ಕೇಳುವ ಪ್ರಶ್ನೆ ಒಂದೇ. ‘ದಾರ ಹಾಕಿದರೆ ಸೇಫಾ, ಬ್ಲೇಡ್ ಹಾಕಿದರೆ ಸೇಫಾ?’ ಉತ್ತರ ಒಂದು ಮಾತಿನಲ್ಲಿ ಮುಗಿಯುತ್ತದೆ. ಆದರೆ ಕಾರಣ ಗೊತ್ತಿಲ್ಲದೆ ಬರೀ ಉತ್ತರ ತೆಗೆದುಕೊಂಡು ಹೋದವರು ಮನೆಗೆ ಹೋಗಿ ಮಾಡುವ ಕಿತಾಪತಿಗಳನ್ನು ನೋಡಿದ್ದೇನೆ. ಅದಕ್ಕೇ ಇವತ್ತು ಕಾರಣದಿಂದಲೇ ಶುರು ಮಾಡುತ್ತೇನೆ.

ಜೋಳದ ಹೊಲ ಕಾಯುವವರ ಕೈಯಲ್ಲಿ ಕವಣೆ ನೋಡಿದ್ದೀರಾ? ಬಯಲು ಸೀಮೆಯಿಂದ ಬಂದವರಿಗೆ ಗೊತ್ತಿರುತ್ತದೆ. ಸುಮ್ನೆ ಹಿಡಿದರೆ ಹಗ್ಗ ಜೋತು ಬೀಳುತ್ತದೆ. ತಲೆ ಮೇಲೆ ತಿರುಗಿಸಿದರೆ ಕೋಲಿನ ಹಾಗೆ ಸೆಟೆದು ನಿಲ್ಲುತ್ತದೆ. ತಿರುಗುವ ವಸ್ತು ನೇರವಾಗಿ ಓಡಿಹೋಗಲು ನೋಡುತ್ತದೆ, ಹಗ್ಗ ಬಿಡುವುದಿಲ್ಲ. ಆ ಎಳೆದಾಟದಲ್ಲಿ ಹಗ್ಗ ಬಿಗಿಯುತ್ತದೆ. ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು.

ಈ ದಾರದಲ್ಲೂ ಅದೇ ನಡೆಯುತ್ತದೆ. ಲೆಕ್ಕಕ್ಕೆ ಒಂದು ಮೆಷಿನ್ ಇಟ್ಟುಕೊಳ್ಳೋಣ. ನಿಮಿಷಕ್ಕೆ 7000 ಸುತ್ತು. ದಾರದ ತುದಿ ನಡುವಿನಿಂದ 20 ಸೆಂಟಿಮೀಟರ್ ದೂರ. ಆಗ ತುದಿಯ ವೇಗ ಸೆಕೆಂಡಿಗೆ ಸುಮಾರು 146 ಮೀಟರ್. ಗಂಟೆಯ ಲೆಕ್ಕದಲ್ಲಿ 520 ಕಿಲೋಮೀಟರ್‌ಗೂ ಜಾಸ್ತಿ. ವಂದೇ ಭಾರತ್ ರೈಲಿನ ಗರಿಷ್ಠ ವೇಗ 160 ಅನ್ನುತ್ತಾರಲ್ಲ, ಅದರ ಮೂರು ಪಟ್ಟಿಗಿಂತ ಮೇಲೆ. ಹೊರಗೆ ಚಾಚಿರುವ ದಾರದ ತೂಕ ಒಂದು ಗ್ರಾಂ ಕೂಡ ಇಲ್ಲ, ಮುಕ್ಕಾಲು ಗ್ರಾಂ ಅಷ್ಟೆ. ಆ ಮುಕ್ಕಾಲು ಗ್ರಾಂ ದಾರ ತನ್ನ ಬುಡವನ್ನು ಎಳೆಯುವ ಬಲ ಮಾತ್ರ ಸುಮಾರು ಐದು ಕಿಲೋ ತೂಗು ಹಾಕಿದಷ್ಟು. ಅಂದರೆ ನೀವೀಗ ಬೆರಳಿಗೆ ಸುತ್ತಿಕೊಂಡ ದಾರ ಅಲ್ಲಿ ದಾರವಾಗಿ ಉಳಿದಿರುವುದಿಲ್ಲ, ಸೆಟೆದ ಕಡ್ಡಿಯಾಗಿರುತ್ತದೆ. ಎಂಜಿನ್ ನಿಂತರೆ ಮತ್ತೆ ದಾರ.

ಗಟ್ಟಿಯಾಯಿತು, ಸರಿ. ಹರಿತ ಎಲ್ಲಿಂದ ಬಂತು? ಇಲ್ಲಿ ನಮ್ಮ ಕತ್ತಿಯನ್ನೇ ನೆನಪು ಮಾಡಿಕೊಳ್ಳಿ. ಹುಲ್ಲು ಕೊಯ್ಯುವಾಗ ಬಲಗೈಯಲ್ಲಿ ಕತ್ತಿ. ಎಡಗೈ ಏನು ಮಾಡುತ್ತಿರುತ್ತದೆ? ಹುಲ್ಲಿನ ಹಿಡಿ ಹಿಡಿದಿರುತ್ತದೆ. ಹಿಡಿಯದಿದ್ದರೆ ಹುಲ್ಲು ಕತ್ತಿಯ ಮುಂದೆ ಬಾಗಿ ಜಾರಿಕೊಳ್ಳುತ್ತದೆ. ಕತ್ತರಿಯಲ್ಲಿ ಎಡಗೈ ಕೆಲಸವನ್ನು ಎರಡನೇ ಅಲಗು ಮಾಡುತ್ತದೆ. ಈಳಿಗೆ ಮಣೆಯಲ್ಲಿ ತರಕಾರಿಯನ್ನು ನಾವೇ ಎರಡೂ ಕೈಯಲ್ಲಿ ಹಿಡಿದು ಒತ್ತುತ್ತೇವೆ. ಎಲ್ಲ ಕಡೆಯೂ ಕೊಯ್ಯುವವನೊಬ್ಬ, ಹಿಡಿಯುವವನೊಬ್ಬ. ಈ ದಾರಕ್ಕೆ ಹಿಡಿಯುವವರು ಯಾರು?

ಹುಲ್ಲೇ ತನ್ನನ್ನು ತಾನು ಹಿಡಿದುಕೊಳ್ಳುತ್ತದೆ. ನಿಂತ ವಸ್ತು ಥಟ್ಟನೆ ಹೊರಡುವುದಿಲ್ಲ. ಬಸ್ಸು ಜೋರಾಗಿ ಹೊರಟಾಗ ನಾವು ಹಿಂದಕ್ಕೆ ವಾಲುತ್ತೇವಲ್ಲ, ಹಾಗೆ. ನಿಧಾನಕ್ಕೆ ತಳ್ಳಿದರೆ ಹುಲ್ಲಿಗೆ ಬಾಗಲು ಸಮಯ ಸಿಗುತ್ತದೆ. ಈ ದಾರ ಕೊಡುವುದಿಲ್ಲ. ಒಂದು ಸೆಂಟಿಮೀಟರ್ ದಾಟಲು ಇದಕ್ಕೆ ಬೇಕಾಗುವುದು ಸೆಕೆಂಡಿನ ಹದಿನಾಲ್ಕು ಸಾವಿರದಲ್ಲಿ ಒಂದು ಭಾಗ. ಪೆಟ್ಟು ಬಿದ್ದ ಜಾಗ ಅಷ್ಟರಲ್ಲಿ ಮುಂದೆ ಹೋಗಿಬಿಟ್ಟಿರುತ್ತದೆ, ಮೇಲಿನ ಹುಲ್ಲು ಇನ್ನೂ ಇದ್ದಲ್ಲೇ ಇರುತ್ತದೆ. ಕೆಳಗೆ ಬೇರು ಹಿಡಿದಿದೆ, ಮೇಲೆ ಹುಲ್ಲಿನದೇ ಭಾರ ಹಿಡಿದಿದೆ. ನಡುವೆ ತುಂಡಾಗದೆ ಬೇರೆ ದಾರಿ ಇಲ್ಲ. ತಲೆಯಲ್ಲಿ ಎರಡು ದಾರ ಇದ್ದರೆ ಇಂಥ ಪೆಟ್ಟು ಸೆಕೆಂಡಿಗೆ 230ಕ್ಕೂ ಜಾಸ್ತಿ.

ಹಾಗಾಗಿ ಇದನ್ನು ಕೊಯ್ಯುವುದು ಅನ್ನುವುದಕ್ಕಿಂತ ಹೊಡೆದು ಹರಿಯುವುದು ಅನ್ನಬೇಕು. ‘ಹುಲ್ಲು ಹೊಡೆಯೋ ಮೆಷಿನ್’ ಅನ್ನುವ ನಮ್ಮ ಮನೆ ಮಾತೇ ಇಂಗ್ಲಿಷ್ ಹೆಸರಿಗಿಂತ ಸರಿಯಾಗಿದೆ ನೋಡಿ. ಹೊಡೆದ ಹುಲ್ಲಿನ ತುದಿ ಗಮನಿಸಿ. ಕತ್ತಿಯಲ್ಲಿ ಕೊಯ್ದ ಹಾಗೆ ನೇರ ಇರುವುದಿಲ್ಲ, ನಾರುನಾರಾಗಿ ಬಿಚ್ಚಿರುತ್ತದೆ. ಒಂದೆರಡು ದಿನಕ್ಕೆ ಕಂದು ಬಣ್ಣಕ್ಕೆ ತಿರುಗುತ್ತದೆ. ಲಾನ್ ಬೆಳೆಸಿದವರು ಅದಕ್ಕೇ ಗೊಣಗುತ್ತಾರೆ. ನಮ್ಮ ತೋಟಕ್ಕೆ ಅದರಿಂದ ನಷ್ಟವೇನಿಲ್ಲ.

ಈ ಉಪಾಯ ಹೊಳೆದಿದ್ದು ಯಾವ ಎಂಜಿನಿಯರಿಗೂ ಅಲ್ಲ. ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದಲ್ಲಿ ಜಾರ್ಜ್ ಬಾಲಸ್ ಅಂತ ಒಬ್ಬರಿದ್ದರು. ನೃತ್ಯ ಕಲಿಸುವ ಸ್ಟುಡಿಯೋ ನಡೆಸಿದ್ದ ಮನುಷ್ಯ. ಅವರ ಮನೆ ಸುತ್ತ ಮರಗಳು ಜಾಸ್ತಿ. ಬೇರುಗಳ ಸಂದಿಯಲ್ಲಿ ಬೆಳೆದ ಹುಲ್ಲಿಗೆ ಹುಲ್ಲು ಕತ್ತರಿಸುವ ಗಾಡಿ ಹೋಗುತ್ತಿರಲಿಲ್ಲ. 1971ರಲ್ಲಿ ಒಂದು ದಿನ ಕಾರು ತೊಳೆಸಲು ಹೋಗಿದ್ದಾರೆ. ಅಲ್ಲಿನ ದೊಡ್ಡ ಬ್ರಶ್‌ಗಳು ತಿರುಗುವಾಗ ಎಳೆಗಳೆಲ್ಲ ಸೆಟೆದು ನಿಲ್ಲುತ್ತಿದ್ದವು. ಕಾರಿಗೆ ತಾಗಿದಲ್ಲಿ ಬಾಗಿ, ಮೂಲೆ ಮೂಲೆ ಹೊಕ್ಕು ಕೊಳೆ ತೆಗೆಯುತ್ತಿದ್ದವು. ಬಣ್ಣಕ್ಕೆ ಗೀರು ಬೀಳುತ್ತಿರಲಿಲ್ಲ. ಮನೆಗೆ ಬಂದವರು ಪಾಪ್‌ಕಾರ್ನಿನ ಒಂದು ಖಾಲಿ ಡಬ್ಬ ಹುಡುಕಿ ತೂತು ಮಾಡಿದರು. ಮೀನು ಹಿಡಿಯುವ ಗಾಳದ ದಾರ ತೂರಿಸಿದರು. ಲಾನಿನ ಅಂಚು ಕತ್ತರಿಸುವ ಮೆಷಿನ್ನಿಗೆ ಅದನ್ನು ಬಿಗಿದು ತಿರುಗಿಸಿದರು. ಅದೇ ಮೊದಲನೆಯದು. ಅದಕ್ಕೆ ‘ವೀಡ್ ಈಟರ್’ ಅಂತ ಹೆಸರಿಟ್ಟು ಕಂಪನಿ ಮಾಡಿದರು. 1977ರಲ್ಲಿ ಆ ಕಂಪನಿಯನ್ನು ಎಮರ್ಸನ್ ಎಲೆಕ್ಟ್ರಿಕ್ ಕೊಂಡುಕೊಂಡಿತು. ಬಾಲಸ್ 2011ರಲ್ಲಿ, 85ನೇ ವಯಸ್ಸಿನಲ್ಲಿ ತೀರಿಕೊಂಡರು.

ಈ ಕಥೆಯಲ್ಲಿ ಡಬ್ಬ, ಗಾಳದ ದಾರ ಎಲ್ಲರಿಗೂ ನೆನಪಿರುತ್ತದೆ. ನನಗೆ ಮುಖ್ಯ ಅನ್ನಿಸುವುದು ಕಾರಿನ ಬಣ್ಣ. ಬ್ರಶ್ ಕೊಳೆಯನ್ನು ಗೆಲ್ಲುತ್ತಿತ್ತು, ಕಾರಿಗೆ ಸೋಲುತ್ತಿತ್ತು. ಬಾಲಸ್ ಮನೆಯಲ್ಲಿ ಹುಲ್ಲೂ ಇತ್ತು, ಮರವೂ ಇತ್ತು. ಅವರಿಗೆ ಬೇಕಾಗಿದ್ದದ್ದು ಹುಲ್ಲನ್ನು ಗೆದ್ದು ಮರಕ್ಕೆ ಸೋಲುವ ವಸ್ತು.

ದಾರ ಸೇಫ್ ಅನ್ನುವುದರ ಗುಟ್ಟೂ ಅಲ್ಲೇ ಇದೆ. ಅದು ಸೋಲಲು ತಯಾರಿದೆ. ಕಲ್ಲಿಗೆ ತಾಗಿದರೆ ಬಾಗುತ್ತದೆ, ಸವೆಯುತ್ತದೆ, ತುಂಡಾಗುತ್ತದೆ. ಬ್ಲೇಡ್ ಸೋಲುವುದಿಲ್ಲ. ತಿರುಗುವ ಬ್ಲೇಡ್ ಗಟ್ಟಿ ಬುಡಕ್ಕೋ ಕಲ್ಲಿಗೋ ತಾಗಿದರೆ ಇಡೀ ಮೆಷಿನ್ನನ್ನೇ ನಿಮ್ಮ ಕೈಯಲ್ಲಿ ಪಕ್ಕಕ್ಕೆ ಎಸೆಯುತ್ತದೆ. ಒಂದು ಸಲ ಅನುಭವಿಸಿದವರಿಗೆ ನಾನು ಹೇಳಬೇಕಾಗಿಲ್ಲ. ದಾರದಲ್ಲಿ ಆ ಎಸೆತ ಇಲ್ಲ.

ಇದಕ್ಕೂ ಒಂದು ಲೆಕ್ಕ ಮಾಡಿದ್ದೇನೆ, ಕೇಳಿ. ತಿರುಗುತ್ತಿರುವ ಒಂದು ದಾರದಲ್ಲಿ ತುಂಬಿರುವ ಶಕ್ತಿ, ಸಿಪ್ಪೆ ಸುಲಿದ ಅರ್ಧ ಕಿಲೋ ತೆಂಗಿನಕಾಯಿ ಎರಡೂವರೆ ಅಡಿ ಎತ್ತರದಿಂದ ಬಿದ್ದಷ್ಟು. ನಾಲ್ಕು ಜೌಲ್‌ಗೂ ಸ್ವಲ್ಪ ಕಡಿಮೆ. ಈಗ ಬ್ಲೇಡ್. 25 ಸೆಂಟಿಮೀಟರ್ ಅಗಲ, 400 ಗ್ರಾಂ ತೂಕ ಅಂತ ಇಟ್ಟುಕೊಳ್ಳಿ. ಅದೇ 7000 ಸುತ್ತಿನಲ್ಲಿ ಅದರ ಶಕ್ತಿ 800 ಜೌಲ್ ದಾಟುತ್ತದೆ. ಅದೇ ತೆಂಗಿನಕಾಯಿಯನ್ನು 160 ಮೀಟರ್ ಮೇಲಿನಿಂದ ಬಿಟ್ಟ ಹಾಗೆ. ನಮ್ಮ ಜೋಗದ ಎತ್ತರ 253 ಮೀಟರ್. ಅದರ ಅರ್ಧಕ್ಕಿಂತ ಮೇಲಿನಿಂದ ಅನ್ನಿ. ಬ್ಲೇಡ್ ಏನಕ್ಕಾದರೂ ತಾಗಿದಾಗ ಆ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಕೆಲವು ಸಲ ಕಲ್ಲಿಗೆ ಹೋಗುತ್ತದೆ, ಕೆಲವು ಸಲ ನಿಮ್ಮ ಭುಜಕ್ಕೆ.

ಹಾಗಂತ ದಾರಕ್ಕೆ ಕಾಲು ಕೊಡಬೇಡಿ. ಶಕ್ತಿ ಕಡಿಮೆ ನಿಜ, ಆದರೆ ಅದು ಬೀಳುವುದು ಎರಡೂವರೆ ಮಿಲಿಮೀಟರ್ ಅಗಲದ ಜಾಗಕ್ಕೆ. ಹಿಂದೆಯೇ ಎರಡನೇ ಪೆಟ್ಟು, ಮೂರನೇ ಪೆಟ್ಟು. ಚರ್ಮ ಒಡೆಯುತ್ತದೆ, ರಕ್ತ ಬರುತ್ತದೆ. ಹವಾಯಿ ಚಪ್ಪಲಿ ಹಾಕಿಕೊಂಡು ಹುಲ್ಲು ಹೊಡೆದ ಗುರುತು ನನ್ನ ಬಲಗಾಲಿನ ಹೆಬ್ಬೆರಳಿನ ಮೇಲೆ ಇನ್ನೂ ಇದೆ.

ಹಿಂದಿನ ಸಾಲಿನಲ್ಲಿ ಒಬ್ಬರು ಅಕ್ಕ ಕೈ ಎತ್ತಿದ್ದಾರೆ. ‘ದಾರ ಮರಕ್ಕೆ ಸೋಲುತ್ತದೆ ಅಂತೀರಿ, ನಮ್ಮನೆ ಮೆಣಸಿನ ಬಳ್ಳಿ ಹೋಯಿತಲ್ಲ?’ ಒಳ್ಳೆಯ ಪ್ರಶ್ನೆ ಅಕ್ಕ. ಬೆಳೆದ ಮರದ ಒರಟು ತೊಗಟೆಗೆ ದಾರ ಸೋಲುತ್ತದೆ. ಎಳೆ ಗಿಡದ ತೊಗಟೆಗೆ ಸೋಲುವುದಿಲ್ಲ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲಿ. ಎಳೆ ಕಾಫಿ ಗಿಡದ ಸುತ್ತ ಬಳೆಯ ಹಾಗೆ ತೊಗಟೆ ಎದ್ದುಹೋದರೆ ಗಿಡ ಒಂದಷ್ಟು ದಿನ ಹಸಿರಾಗಿಯೇ ಇರುತ್ತದೆ, ಆಮೇಲೆ ಸೊರಗುತ್ತದೆ. ನಾವು ಮಳೆಯನ್ನೋ ಗೊಬ್ಬರವನ್ನೋ ಬೈಯುತ್ತೇವೆ. ಅಡಿಕೆಯಲ್ಲಿ ಹೀಗೆ ಬಳೆ ಕಟ್ಟಿ ಸಾಯುವ ಭಯ ಇಲ್ಲ, ಅದರ ಒಳಗಿನ ಕಟ್ಟೇ ಬೇರೆ. ಆದರೂ ಎಳೆ ಸಸಿಗೆ ಗಾಯ ಗಾಯವೇ. ಮೆಣಸಿನ ಬಳ್ಳಿಯಂತೂ ಬುಡದಲ್ಲಿ ಮೆತ್ತಗಿರುತ್ತದೆ, ಒಂದು ಪೆಟ್ಟು ಸಾಕು. ಪೂರ್ತಿ ತುಂಡಾಗದೆ ಬರೀ ಗಾಯವಾದರೂ, ಸೊರಗು ರೋಗ ಇರುವ ತೋಟದಲ್ಲಿ ಮಳೆಗಾಲದ ಗಾಯ ಅಂದರೆ ರೋಗಕ್ಕೆ ಬಾಗಿಲು ತೆರೆದಿಟ್ಟ ಹಾಗೆ. ಬಳ್ಳಿಯ ಬುಡದಿಂದ ಒಂದು ಮೊಳ ದೂರಕ್ಕೆ ಮೆಷಿನ್ ನಿಲ್ಲಿಸಿ. ಅಲ್ಲಿಂದ ಒಳಗೆ ಕೈ ಮತ್ತು ಕತ್ತಿ.

ಇನ್ನು ಡ್ರಿಪ್ ಪೈಪು. ನಗುತ್ತಿದ್ದೀರಿ, ಅಂದರೆ ಎಲ್ಲರ ಮನೆಯದ್ದೂ ಒಂದೇ ಕಥೆ. ಹುಲ್ಲಿನ ಅಡಿಯಲ್ಲಿ ಮಲಗಿರುವ ಪೈಪು ಕಾಣುವುದಿಲ್ಲ. ಮಳೆಗಾಲದಲ್ಲಿ ತುಂಡಾಗಿದ್ದು ಬೇಸಿಗೆಯಲ್ಲಿ ಪಂಪ್ ಹಾಕಿದಾಗ ಕಾರಂಜಿಯಾಗಿ ಕಾಣುತ್ತದೆ. ಹುಲ್ಲು ಹೊಡೆಯುವ ಮೊದಲು ಪೈಪನ್ನು ಮರದ ಸಾಲಿಗೆ ಎಳೆದಿಡುವುದು ಬಿಟ್ಟು ನನಗೆ ಬೇರೆ ಮದ್ದು ಗೊತ್ತಿಲ್ಲ.

ಈಗ ನನಗೆ ಜಾಸ್ತಿ ಸಿಟ್ಟು ಬರುವ ವಿಷಯಕ್ಕೆ ಬರುತ್ತೇನೆ. ಗಾರ್ಡ್. ದಾರ ತಿರುಗುವ ಜಾಗದ ಹಿಂದೆ ಪ್ಲಾಸ್ಟಿಕ್ಕಿನ ಒಂದು ಮರೆ ಇರುತ್ತದಲ್ಲ, ಅದು. ನನ್ನ ಹತ್ತಿರ ಬರುವ ಮೆಷಿನ್‌ಗಳಲ್ಲಿ ಗಾರ್ಡ್ ಇರುವುದೇ ಅಪರೂಪ. ‘ಹುಲ್ಲು ಕಟ್ಟಿಕೊಳ್ಳುತ್ತೆ, ಬಿಚ್ಚಿಟ್ಟೆ’ ಅನ್ನುತ್ತಾರೆ. ನಿಜವಾದ ಕಾರಣ ಬೇರೆ. ಗಾರ್ಡಿನ ಅಂಚಿನಲ್ಲಿ ಒಂದು ಸಣ್ಣ ಚಾಕು ಇದೆ. ದಾರ ಉದ್ದವಾದರೆ ಅದು ಕತ್ತರಿಸಿ ಹಾಕುತ್ತದೆ. ಗಾರ್ಡ್ ತೆಗೆದರೆ ದಾರ ಉದ್ದ ಬಿಡಬಹುದು, ಒಂದೇ ಬೀಸಿಗೆ ಅಗಲ ಹೊಡೆಯಬಹುದು, ಕೆಲಸ ಬೇಗ ಮುಗಿಯುತ್ತದೆ ಅನ್ನುವ ಆಸೆ.

ಮುಗಿಯುವುದಿಲ್ಲ. ಯಾಕೆ ಅಂದರೆ ದಾರ ಹುಲ್ಲಿಗಿಂತ ಮೊದಲು ಗಾಳಿಯನ್ನು ಹೊಡೆಯಬೇಕು. ಗಂಟೆಗೆ 500 ಕಿಲೋಮೀಟರ್ ವೇಗದಲ್ಲಿ ಗಾಳಿ ಮೆತ್ತಗಿರುವುದಿಲ್ಲ. ನನ್ನ ಅಂದಾಜಿನಲ್ಲಿ ಎರಡು ದಾರ ಖಾಲಿ ಗಾಳಿಯಲ್ಲಿ ತಿರುಗಲಿಕ್ಕೇ ಅರ್ಧ ಹಾರ್ಸ್‌ಪವರ್‌ಗೂ ಜಾಸ್ತಿ ಬೇಕು. ನಮ್ಮ ಮೆಷಿನ್ನುಗಳು ಒಂದೋ ಎರಡೋ ಹಾರ್ಸ್‌ಪವರ್‌ನವು. ಸುತ್ತು ಅಷ್ಟೇ ಇಟ್ಟು ದಾರವನ್ನು ನಡುವಿನಿಂದ ಹತ್ತು ಪರ್ಸೆಂಟ್ ಉದ್ದ ಮಾಡಿದರೆ ಗಾಳಿ ತಿನ್ನುವ ಶಕ್ತಿ ಸುಮಾರು ಒಂದೂವರೆ ಪಟ್ಟಾಗುತ್ತದೆ. ಎರಡು ಪಟ್ಟು ಉದ್ದ ಮಾಡಿದರೆ ಹದಿನಾರು ಪಟ್ಟು! ಎಂಜಿನ್ ಎಲ್ಲಿಂದ ತರಬೇಕು? ಸುತ್ತು ಇಳಿಯುತ್ತದೆ. ಸುತ್ತು ಇಳಿದರೆ ಹುಲ್ಲಿಗೆ ಬಾಗಲು ಸಮಯ ಸಿಗುತ್ತದೆ, ತುಂಡಾಗದೆ ದಾರಕ್ಕೇ ಸುತ್ತಿಕೊಳ್ಳುತ್ತದೆ. ನೀವು ಆಕ್ಸಿಲರೇಟರ್ ಪೂರ್ತಿ ಒತ್ತುತ್ತೀರಿ. ಕ್ಲಚ್ ಜಾರಿ ಸುಟ್ಟ ವಾಸನೆ ಬರುತ್ತದೆ. ಆಮೇಲೆ ನನ್ನ ಹತ್ತಿರ ಬರುತ್ತೀರಿ. ಗಾರ್ಡಿನಲ್ಲಿರುವ ಆ ಸಣ್ಣ ಚಾಕು ನಿಮ್ಮ ಎಂಜಿನ್ನನ್ನೂ ಕಾಯುತ್ತಿತ್ತು.

ಇಷ್ಟೆಲ್ಲ ಹೇಳುವ ನಾನೂ ಒಂದು ಕಾಲದಲ್ಲಿ ಗಾರ್ಡ್ ಬಿಚ್ಚಿಟ್ಟವನೇ. ಅಂಗಳದ ಅಂಚಿನ ಹುಲ್ಲು ಹೊಡೆಯುತ್ತಿದ್ದೆ. ಒಂದು ಜಲ್ಲಿಕಲ್ಲು ಹಾರಿದ್ದು ನನಗೆ ಗೊತ್ತೇ ಆಗಲಿಲ್ಲ. ಅಡುಗೆಮನೆ ಕಿಟಕಿಯ ಗಾಜು ಬಿದ್ದ ಸದ್ದೂ ಕೇಳಲಿಲ್ಲ, ಎಂಜಿನ್ನಿನ ಗಲಾಟೆ ಹಾಗಿರುತ್ತದೆ. ಮನೆಯಾಕೆ ಸೌಟು ಹಿಡಿದುಕೊಂಡೇ ಹೊರಗೆ ಬಂದಾಗ ಗೊತ್ತಾಯಿತು. ಕಿಟಕಿ ನಲವತ್ತು ಅಡಿ ದೂರ ಇತ್ತು. ಮೆಷಿನ್ನಿನ ಜೊತೆ ಬರುವ ಪುಸ್ತಕದಲ್ಲಿ ಸುತ್ತ 15 ಮೀಟರ್, ಅಂದರೆ 50 ಅಡಿ ಯಾರೂ ಇರಬಾರದು ಅಂತ ಬರೆದಿರುತ್ತದೆ. ಆ ಪುಸ್ತಕವನ್ನು ನಾನು ಓದಿದ್ದು ಗಾಜು ಹಾಕಿಸಿದ ಮೇಲೆ.

ಗಾರ್ಡಿಗಿಂತ ದೊಡ್ಡ ಕಿತಾಪತಿ ಇನ್ನೊಂದಿದೆ. ನೈಲಾನ್ ಬೇಗ ಸವೆಯುತ್ತದೆ ಅಂತ ಬೈಕಿನ ಹಳೆ ಕ್ಲಚ್ ಕೇಬಲ್ ತುಂಡು ಮಾಡಿ ಹಾಕುವುದು. ಇಲ್ಲಾ ಬೇಲಿ ತಂತಿ. ಉಕ್ಕು ನೈಲಾನಿಗಿಂತ ಹೆಚ್ಚುಕಡಿಮೆ ಏಳು ಪಟ್ಟು ಭಾರ. ನೈಲಾನ್ ತುಂಡು ಹಾರಿದರೆ ಹಗುರ ಇರುವುದರಿಂದ ಗಾಳಿಯಲ್ಲೇ ಬೇಗ ಸುಸ್ತಾಗುತ್ತದೆ. ಕೇಬಲ್ಲಿನ ಎಳೆ ಹಾರಿದರೆ ಮೊಳೆ ಹೊಡೆದ ಹಾಗೆ. ಬಾಗಿ ಬಾಗಿ ಒಂದು ಕಡೆ ಸವೆದು ತುಂಡಾಗುವುದು ಅದರ ಹಣೆಬರಹ, ಯಾವಾಗ ಅನ್ನುವುದು ಮಾತ್ರ ಗೊತ್ತಾಗುವುದಿಲ್ಲ. ಯುರೋಪಿನಲ್ಲಿ ಕೆಲವರು ಲೋಹದ ಕೊಂಡಿಗಳನ್ನು ಜೋಡಿಸಿದ ತಲೆಗಳನ್ನು ಮಾರುತ್ತಿದ್ದರು, ಚೈನಿನ ಹಾಗೆ. ಒಂದು ಕೊಂಡಿ ಕಳಚಿ ಹಾರಿ ಒಬ್ಬರು ಸತ್ತರು. 2012ರಲ್ಲಿ ಯುರೋಪಿಯನ್ ಒಕ್ಕೂಟ ಅಂಥವುಗಳ ಮಾರಾಟವನ್ನೇ ನಿಲ್ಲಿಸಿಬಿಟ್ಟಿತು. ಸೋಲುವ ದಾರವನ್ನು ತೆಗೆದು ಸೋಲದ ತಂತಿ ಹಾಕಿದ ಮೇಲೆ ಅದು ಬಾಲಸ್ ಅವರ ಮೆಷಿನ್ ಅಲ್ಲ, ಬೇರೆಯೇ ಏನೋ.

ದಾರ ಬೇಗ ಸವೆಯುತ್ತದೆ ಅನ್ನುವವರು ಅರ್ಧ ಸಲ ಬಳಸುವುದೇ ತಪ್ಪು. ಹೊಡೆಯುವುದು ದಾರದ ತುದಿ. ಕೊನೆಯ ಒಂದೆರಡು ಇಂಚು ಮಾತ್ರ. ಮೆಷಿನ್ನಿನ ತಲೆಯನ್ನೇ ಹುಲ್ಲಿನ ಮೆಳೆಗೆ ನುಗ್ಗಿಸಿದರೆ ದಾರದ ನಡುಭಾಗ ತಾಗುತ್ತದೆ. ಅಲ್ಲಿ ವೇಗ ಕಡಿಮೆ, ತಿಕ್ಕಾಟ ಜಾಸ್ತಿ. ಬಿಸಿಯಾಗುತ್ತದೆ. ನಡುಗುವ ತಲೆಯೊಳಗೆ ಸುತ್ತಿಟ್ಟ ದಾರವೂ ಒಂದಕ್ಕೊಂದು ತಿಕ್ಕಿ, ಕರಗಿ, ಬೆಸುಗೆ ಹಾಕಿದ ಹಾಗೆ ಅಂಟಿಕೊಳ್ಳುತ್ತದೆ. ಆಮೇಲೆ ನೆಲಕ್ಕೆ ಎಷ್ಟು ಕುಟ್ಟಿದರೂ ದಾರ ಬರುವುದಿಲ್ಲ. ಎತ್ತರದ ಹುಲ್ಲಾದರೆ ಎರಡು ಸಲಕ್ಕೆ ಹೊಡೆಯಿರಿ, ಮೊದಲು ಮೇಲಿನರ್ಧ, ಆಮೇಲೆ ಬುಡ.

ನೆಲಕ್ಕೆ ಕುಟ್ಟುವುದು ಅಂದೆನಲ್ಲ, ಅದು ಈ ಮೆಷಿನ್ನಿನಲ್ಲಿ ನನಗೆ ತುಂಬಾ ಇಷ್ಟವಾದ ಭಾಗ. ತಲೆಯ ಅಡಿಯಲ್ಲಿ ಬಟನ್ನಿನ ಹಾಗೆ ಒತ್ತುವ ಒಂದು ಗುಂಡಿ. ಒಳಗೆ ಸ್ಪ್ರಿಂಗ್, ದಾರ ಸುತ್ತಿದ ಗಾಲಿ, ಅದನ್ನು ತಡೆದು ಹಿಡಿಯುವ ಹಲ್ಲು. ತಿರುಗುತ್ತಿರುವಾಗಲೇ ಗುಂಡಿಯನ್ನು ನೆಲಕ್ಕೆ ತಟ್ಟಿದರೆ ಹಲ್ಲು ಒಂದು ಕ್ಷಣ ಬಿಡುತ್ತದೆ. ಆಗ ದಾರವನ್ನು ಹೊರಗೆ ಎಳೆಯುವುದು ಯಾರು? ಆಗಲೇ ಹೇಳಿದ ಐದು ಕಿಲೋ ಎಳೆತ. ಹುಲ್ಲು ಹೊಡೆಯಲು ದಾರವನ್ನು ಸೆಟೆಸಿದ ಬಲವೇ ಹೊಸ ದಾರವನ್ನೂ ಬಿಚ್ಚಿಕೊಡುತ್ತದೆ. ಜಾಸ್ತಿ ಬಂದದ್ದನ್ನು ಗಾರ್ಡಿನ ಚಾಕು ಕತ್ತರಿಸುತ್ತದೆ. ಸುತ್ತು ಕಡಿಮೆ ಇಟ್ಟುಕೊಂಡು ತಟ್ಟಿದರೆ ಎಳೆತ ಸಾಲದೆ ದಾರ ಬರುವುದಿಲ್ಲ. ಕೆಲವರು ಅದಕ್ಕೆ ಸಿಟ್ಟಾಗಿ ಮೆಷಿನ್ನನ್ನೇ ನೆಲಕ್ಕೆ ಗುದ್ದುತ್ತಾರೆ. ಗುಂಡಿ ಒಡೆಯುತ್ತದೆ ಅಷ್ಟೆ.

ದಾರ ಹಳೆಯದಾಗಿ ಒಣಗಿದ್ದರೆ ಪಟಪಟ ಮುರಿಯುತ್ತದೆ. ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ. ಹುರುಳಿ ನೆನೆಹಾಕಿದ ಹಾಗೆಯೇ, ತಮಾಷೆಯಲ್ಲ. ನೈಲಾನ್ ನೀರು ಹೀರುತ್ತದೆ, ಮತ್ತೆ ಬಳುಕುತ್ತದೆ. ಪೆಟ್ರೋಲಿಗೆ ಆಯಿಲ್ ಎಷ್ಟು ಬೆರೆಸಬೇಕು ಅನ್ನುವುದು ಮೆಷಿನ್ನಿನ ಪುಸ್ತಕದಲ್ಲೇ ಇದೆ, ಅದನ್ನು ಇಲ್ಲಿ ಹೇಳುತ್ತಾ ಕೂರುವುದಿಲ್ಲ.

ಒಂದು ಮಾತು ಮಾತ್ರ ನನಗೇ ಕಸಿವಿಸಿ ಮಾಡುತ್ತದೆ. ದಾರ ಸವೆಯುತ್ತದೆ ಅಂದರೆ ಅದು ಎಲ್ಲೋ ಹೋಗುತ್ತದೆ ಅಂತ ಅರ್ಥ. ನಮ್ಮ ತೋಟದ ಮಣ್ಣಿಗೇ ಹೋಗುತ್ತದೆ. ಸಣ್ಣ ಸಣ್ಣ ಪ್ಲಾಸ್ಟಿಕ್ ಚೂರು. ಹಾಗಾಗಿ ಮೆಷಿನ್ನಿನಲ್ಲಿ ಹೊಡೆದ ಹುಲ್ಲನ್ನು ನಾನು ಕೊಟ್ಟಿಗೆಗೆ ಒಯ್ಯುವುದಿಲ್ಲ. ದನಕ್ಕೆ ಹುಲ್ಲು ಬೇಕಾದರೆ ಇವತ್ತಿಗೂ ಕತ್ತಿಯೇ. ಲಂಟಾನದಂಥ ಕಟ್ಟಿಗೆ ಗಿಡಕ್ಕೂ ದಾರ ಸುಮ್ನೆ ದಂಡ, ಅದು ಬಾಗಿ ನಿಮ್ಮ ದಾರವನ್ನೇ ತಿನ್ನುತ್ತದೆ. ಕಾಂಗ್ರೆಸ್ ಗಿಡ ಹೊಡೆಯುವುದಾದರೆ ಹೂ ಬಿಡುವ ಮೊದಲು ಹೊಡೆಯಿರಿ. ಮುಖ, ತೋಳು ಮುಚ್ಚಿಕೊಳ್ಳಿ. ದಾರ ಅದನ್ನು ಪುಡಿ ಮಾಡಿ ಮೈಮೇಲೆಲ್ಲ ಎರಚುತ್ತದೆ, ಅಲರ್ಜಿ ಇರುವವರಿಗೆ ಕಷ್ಟ.

ಸರಿ, ಈಗ ಅಂಗಳಕ್ಕೆ ಹೋಗೋಣ, ಮೆಷಿನ್ ಅಲ್ಲೇ ಇಟ್ಟಿದ್ದೇನೆ. ಮೇಲಿನಿಂದ ನೋಡಿದರೆ ಇದರ ತಲೆ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುತ್ತದೆ. ಹಾಗಾಗಿ ನಾನು ಬಲದಿಂದ ಎಡಕ್ಕೆ ಬೀಸುತ್ತೇನೆ, ಹೊಡೆದ ಹುಲ್ಲು ಎಡಕ್ಕೆ, ಆಗಲೇ ಹೊಡೆದು ಮುಗಿಸಿದ ಜಾಗಕ್ಕೆ ಬೀಳುತ್ತದೆ. ಅದನ್ನು ಗಮನಿಸಿ. ಸುತ್ತ ಹದಿನೈದು ಮೀಟರಿಗೆ ಒಂದು ಹಗ್ಗ ಎಳೆದಿದ್ದೇನೆ, ಎಲ್ಲರೂ ಅದರ ಆಚೆ ನಿಲ್ಲಿ. ಆ ಜೀಪು ಯಾರದ್ದು? ಸ್ವಲ್ಪ ಹಿಂದೆ ತೆಗೆದುಬಿಡಿ.